ಕೌದಿಗೆ ಅಂತಲೇ ಬಟ್ಟೆ ಪ್ರಿಂಟ್ ಮಾಡುವವರು ಯಾರಿದ್ದೀರಿ? ಪ್ರದರ್ಶನದಲ್ಲಿ ಕೌದಿ ಇಟ್ಟವರೂ ಬನ್ನಿ

ಚಿಂದಿಚಿತ್ರ (ಬೆಂಗಳೂರು, ಊರು ಗದಗ ಕಡೆ)

ಇಲ್ಲಿ ಕಸೂತಿ, ಕ್ರೋಶಾ ಬಗ್ಗೆ ಬೇಕಾದಷ್ಟು ಮಾತುಕತೆ ಇದೆ. ಕೌದಿ (ಹಳೇ ಬಟ್ಟೆಯ ತುಂಡು, ಪದರ ಸೇರಿಸಿ ಹೊಲಿದ ಹೊದಿಕೆ) ಅಂತ ಹುಡುಕಿದರೆ "ಹಳೇ ಸೀರೆ ಏನು ಮಾಡೋದು" ಅನ್ನುವ ಪ್ರಶ್ನೆ ಬಿಟ್ಟು ಬೇರೇನೂ ಸಿಗಲಿಲ್ಲ. ಅದಕ್ಕೇ ನಾನೇ ಶುರು ಮಾಡಿದೆ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಕೂತ್ಕೊಳ್ಳಿ.

ಕೌದಿ ಹೊಲಿಯುವುದನ್ನು ನನಗೆ ಕಲಿಸಿದ್ದು ನಮ್ಮ ಅತ್ತೆ. ಕೆಳಗೆ ಧೋತರ, ನಡುವೆ ಹರಿದ ಸೀರೆಯ ಪದರ, ಮೇಲೆ ತುಂಡುಗಳು. ಕೈಹೊಲಿಗೆ ಮಾತ್ರ. ಆಮೇಲೆ ನನಗೆ ಬ್ಲಾಕ್ ಪ್ರಿಂಟ್ ಹುಚ್ಚು ಹತ್ತಿತು. ಮರದ ಅಚ್ಚುಗಳನ್ನು ತರಿಸಿಕೊಂಡೆ. ಗುಜರಾತಿನ ಪೇಥಾಪುರದಲ್ಲಿ ಕೆತ್ತಿದವು, ಸಾಗುವಾನಿ ಮರದವು. ಹೊಸ ಅಚ್ಚನ್ನು ಎಣ್ಣೆಯಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಬಣ್ಣದ ನೀರು ಕುಡಿದು ಮರ ಸೊಟ್ಟಗಾಗುತ್ತದೆ. ಊಟದ ಟೇಬಲ್ ಮೇಲೆ ಗೋಣಿಚೀಲ, ಅದರ ಮೇಲೆ ಹಳೇ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ ಬಿಗಿದು ಪ್ರಿಂಟಿಂಗ್ ಟೇಬಲ್ ಮಾಡಿಕೊಂಡೆ. ಯಜಮಾನರು ಈಗ ಸೋಫಾದಲ್ಲಿ ಊಟ ಮಾಡುತ್ತಾರೆ.

ವಿಷಯಕ್ಕೆ ಬರ್ತೀನಿ. ಅಂಗಡಿಯಲ್ಲಿ ಸಿಗುವ ಪಿಗ್ಮೆಂಟ್ ಬಣ್ಣ, ಬೈಂಡರ್ (ಬಣ್ಣ ಹಿಡಿಸುವ ಅಂಟು) ಹಾಕಿ ಪ್ರಿಂಟ್ ಮಾಡಿದ ಬಟ್ಟೆ ನೋಡಲು ಚೆಂದ. ಕೌದಿಗೆ ಇಟ್ಟು ಹೊಲಿಯಲು ಕೂತರೆ ಸೂಜಿ ಒಳಗೆ ಹೋಗುವುದಿಲ್ಲ. ಬಣ್ಣ ತುಂಬಿದ ಜಾಗದಲ್ಲಿ ಸೂಜಿ ಕಿರ್ ಅನ್ನುತ್ತದೆ, ಬೆರಳ ತುದಿ ಕೆಂಪಗಾಗುತ್ತದೆ. ನಾಲ್ಕೈದು ಪದರ ಒಟ್ಟಿಗೆ ಎತ್ತಿ ಸಾಲಾಗಿ ದಾರ ಓಡಿಸುವುದಲ್ವಾ ನಮ್ಮ ಹೊಲಿಗೆ? ಆ ಓಟವೇ ನಿಂತುಹೋಗುತ್ತದೆ. ಈಗ ನಾನು ಗೆರೆ ಇರುವ ಅಚ್ಚು (ರೇಖ್ ಅಂತಾರೆ) ಮಾತ್ರ ಬಳಸುತ್ತೇನೆ, ತುಂಬು ಬಣ್ಣದ ಅಚ್ಚು ಮುಟ್ಟುವುದಿಲ್ಲ. ಗೆರೆಗಳ ನಡುವೆ ಹೊಲಿಗೆ ಓಡಿಸುತ್ತೇನೆ.

ನನ್ನ ಅಭಿಪ್ರಾಯ ಇಷ್ಟು. ಕೌದಿಗೆ ಪ್ರಿಂಟ್ ಮಾಡುವವರು ಮೊದಲು ಸೂಜಿಯನ್ನು ಕೇಳಬೇಕು, ಆಮೇಲೆ ಕಣ್ಣನ್ನು. ಗೋಡೆಗೆ ಅಂತ ಹೊಲಿದರೂ ಅದು ಹಾಸಿ ಮಲಗುವಂತಿರಬೇಕು. ಬೇರೆಯವರ ಅನುಭವ ಹೇಳಿ. ಕೆಲವರ ಜೊತೆ ಸೇರಿ ಒಂದು ಗ್ರೂಪ್ ಶೋನಲ್ಲೂ ಇಟ್ಟಿದ್ದೆ, ಅದರ ಕಥೆ ಆಮೇಲೆ.

ಮಷಿನ್ ಮಲ್ಲಿಗೆ

ಅಕ್ಕ, ಮಷಿನ್‌ನಲ್ಲಿ ಈ ತೊಂದರೆಯೇ ಇಲ್ಲ. 14 ನಂಬರ್ ಸೂಜಿ, ವಾಕಿಂಗ್ ಫುಟ್ (ಪದರಗಳನ್ನು ಒಟ್ಟಿಗೆ ಮುಂದೆ ಎಳೆಯುವ ಮಷಿನ್ ಪಾದ) ಹಾಕಿ, ನಡುವೆ ಕಾಟನ್ ಬ್ಯಾಟಿಂಗ್ (ಹತ್ತಿಯ ಹಾಳೆ). ಪಿಗ್ಮೆಂಟ್ ಆದರೇನು, ಪ್ಲಾಸ್ಟಿಕ್ ಆದರೇನು, ಓಡುತ್ತೆ. ಕೈಯಲ್ಲೇ ಹೊಲೀಬೇಕು ಅನ್ನೋ ಹಟ ಯಾಕೆ?

ಚಿಂದಿಚಿತ್ರ

ಹಟ ಅಲ್ಲ ಮಲ್ಲಿಗೆ, ಕೌದಿ ಮೆತ್ತಗಾಗುವುದೇ ಕೈಹೊಲಿಗೆಯಿಂದ. ಮಷಿನ್ ಹೊಲಿಗೆಯಲ್ಲಿ ಮೇಲೊಂದು ಕೆಳಗೊಂದು ದಾರ ಬಿಗಿಯಾಗಿ ಕೂರುತ್ತದೆ, ಬಟ್ಟೆ ಹಲಗೆಯ ಹಾಗೆ ನಿಲ್ಲುತ್ತದೆ. ಕೈಹೊಲಿಗೆಯಲ್ಲಿ ದಾರ ಒಂದೇ, ಸ್ವಲ್ಪ ಸಡಿಲ. ಪ್ರತಿ ಒಗೆತಕ್ಕೂ ಬಟ್ಟೆ ಸಣ್ಣಗೆ ಸುಕ್ಕುಗಟ್ಟಿ ಮೆದುವಾಗುತ್ತದೆ. ನೀವು ಮಾಡುವುದೂ ಕ್ವಿಲ್ಟೇ, ಬೇಡ ಅನ್ನುವುದಿಲ್ಲ. ಆದರೆ ಮೈಮೇಲೆ ಹೊದ್ದಾಗ ಎರಡೂ ಬೇರೆ ಬೇರೆ.

ಅಳಲೆಕಾಯಿ (ಮೈಸೂರು)

ಚಿಂದಿಚಿತ್ರ ಮೇಡಂ, ತಪ್ಪು ಅಚ್ಚಿನದಲ್ಲ. ಬೈಂಡರ್‌ದು. ಪಿಗ್ಮೆಂಟ್ ಅಂದರೆ ಬಣ್ಣದ ಪುಡಿ. ಅದು ನೂಲಿನ ಒಳಗೆ ಹೋಗುವುದಿಲ್ಲ. ಅಂಟು ಅದನ್ನು ಮೇಲೆ ಹಿಡಿದು ಕೂರಿಸುತ್ತದೆ, ಬಿಸಿ ತಾಗಿದಾಗ ಗಟ್ಟಿಯಾಗುತ್ತದೆ. ನಿಮ್ಮ ಸೂಜಿ ಚುಚ್ಚುತ್ತಿರುವುದು ಆ ಅಂಟಿನ ಪದರವನ್ನು. ಗೆರೆ ಅಚ್ಚು ಬಳಸಿ ತಪ್ಪಿಸಿಕೊಂಡಿದ್ದೀರಿ, ಒಳ್ಳೆಯ ಉಪಾಯ. ಆದರೆ ತುಂಬು ಬಣ್ಣ ಬೇಕು ಅಂದರೆ ದಾರಿ ಬೇರೆ ಇದೆ.

ನಾನು ಮಾಡುವುದು ಹಳೆಯ ಕ್ರಮ. ಮೊದಲು ಬಟ್ಟೆಯನ್ನು ಸೋಡಾ ಹಾಕಿ ಕುದಿಸಿ ಗಂಜಿ, ಎಣ್ಣೆ ಅಂಶ ಎಲ್ಲ ತೆಗೆಯುವುದು. ಹೊಸ ಬಟ್ಟೆಗೆ ಇದು ಆಗಲೇಬೇಕು, ಹಳೇ ಧೋತರಕ್ಕೆ ಅರ್ಧ ಕೆಲಸ ಆಗಿಯೇ ಇರುತ್ತದೆ. ಆಮೇಲೆ ಅಳಲೆಕಾಯಿ ಪುಡಿಯ ನೀರಲ್ಲಿ ಅದ್ದಿ ಬಿಸಿಲಲ್ಲಿ ಒಣಗಿಸುವುದು. ಬಟ್ಟೆ ತಿಳಿ ಹಳದಿ ಆಗುತ್ತದೆ. ಅದರ ಮೇಲೆ ಅಚ್ಚು ಹೊಡೆಯುವುದು ಬಣ್ಣದಿಂದ ಅಲ್ಲ, ಪಟಿಕದ ನೀರಿಗೆ ಗೋಂದು ಸೇರಿಸಿದ ಪೇಸ್ಟಿನಿಂದ. ಪಟಿಕಕ್ಕೆ ಬಣ್ಣವೇ ಇಲ್ಲ, ಎಲ್ಲಿ ಹೊಡೆದೆವು ಅಂತ ಕಾಣಬೇಕಲ್ಲ, ಅದಕ್ಕೆ ಒಂದು ಚಿಟಿಕೆ ಕಾವಿ ಹಾಕುತ್ತಾರೆ. ಕಪ್ಪು ಬೇಕಾದರೆ ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಲ್ಲಿ ಎರಡು ವಾರ ಹುಳಿ ಬರಿಸಿ, ಸೋಸಿ, ಹುಣಸೆಬೀಜದ ಪುಡಿ ಹಾಕಿ ಕಾಯಿಸಿ ಮಂದ ಮಾಡುವುದು. ವಾಸನೆ ಬರುತ್ತೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿ ಇಡಿ.

ಅಚ್ಚು ಹೊಡೆದ ಮೇಲೆ ಕೆಲವು ದಿನ ಬಿಟ್ಟು, ಹರಿಯುವ ನೀರಲ್ಲಿ ತೊಳೆದು, ಮಂಜಿಷ್ಠದ ಹಂಡೆಗೆ ಹಾಕುವುದು. ನೋಡಬೇಕು ಆಗ. ಒಂದೇ ಹಂಡೆ, ಒಂದೇ ಬೇರಿನ ಕಷಾಯ. ಪಟಿಕ ಇದ್ದ ಕಡೆ ಕೆಂಪು ಏರುತ್ತಾ ಬರುತ್ತದೆ, ಕಬ್ಬಿಣ ಇದ್ದ ಕಡೆ ಕಪ್ಪು ನಿಲ್ಲುತ್ತದೆ. ಏನೂ ಹೊಡೆಯದ ಕಡೆ ಬರೀ ಮಾಸಲು ಗುಲಾಬಿ, ಅದೂ ಆಮೇಲೆ ಬಿಸಿಲಿಗೆ ಹಾಕಿ ಹಾಕಿ ತಿಳಿಯಾಗುತ್ತದೆ. ಬಣ್ಣ ನೂಲಿನ ಒಳಗೇ ಕೂತಿರುವುದರಿಂದ ಬಟ್ಟೆ ಮೊದಲಿನಷ್ಟೇ ಮೆತ್ತಗೆ. ಸೂಜಿಗೆ ಗೊತ್ತೇ ಆಗುವುದಿಲ್ಲ.

ಒಂದು ಎಚ್ಚರಿಕೆ. ಕಪ್ಪು ಜಾಸ್ತಿ ಬಳಸಬೇಡಿ. ಕಬ್ಬಿಣ ನಿಧಾನಕ್ಕೆ ನೂಲನ್ನು ತಿನ್ನುತ್ತದೆ. ಹಳೆಯ ಅಚ್ಚಿನ ಬಟ್ಟೆಗಳಲ್ಲಿ ಕಪ್ಪು ಗೆರೆ ಇದ್ದ ಜಾಗ ಮಾತ್ರ ಉದುರಿ, ಉಳಿದದ್ದು ಗಟ್ಟಿಯಾಗಿರುವುದನ್ನು ಮ್ಯೂಸಿಯಂಗಳಲ್ಲಿ ನೋಡಬಹುದು.

ಚಿಂದಿಚಿತ್ರ

ಅಯ್ಯೋ, ಇದನ್ನೇ ಕಾಯುತ್ತಿದ್ದೆ! ನೀರಿನ ಬಗ್ಗೆ ಹೇಳಿ. ನಮ್ಮಲ್ಲಿ ಬೋರ್‌ವೆಲ್ ನೀರು. ಪಾತ್ರೆ ಮೇಲೆ ಬಿಳಿ ಕಟ್ಟುತ್ತೆ.

ಅಳಲೆಕಾಯಿ

ಗಡಸು ನೀರಲ್ಲಿ ಮಂಜಿಷ್ಠದ ಕೆಂಪು ಅಷ್ಟೇನೂ ಕೆಡುವುದಿಲ್ಲ. ಕೆಡಿಸುವುದು ನೀರಿನ ಕಬ್ಬಿಣ. ಗುಜರಾತಿನ ಕಛ್‌ನಲ್ಲಿ ಅಜ್ರಖ್ (ಅಲ್ಲಿನ ಅಚ್ಚಿನ ಬಟ್ಟೆ) ಮಾಡುವ ಖತ್ರಿ ಕುಟುಂಬಗಳು ಧಮಡ್ಕಾ ಊರಿನಲ್ಲಿದ್ದವು. 2001ರ ಭೂಕಂಪ ಆದ ಮೇಲೆ ಅಲ್ಲಿನ ನೀರಲ್ಲಿ ಕಬ್ಬಿಣ ಹೆಚ್ಚಾಯಿತು, ಬಣ್ಣಗಳು ಮಂಕಾದವು. ಹಲವರು ಊರು ಬಿಟ್ಟು ಭುಜ್ ಹತ್ತಿರ ಅಜ್ರಖ್‌ಪುರ ಅಂತ ಹೊಸ ಊರನ್ನೇ ಕಟ್ಟಿಕೊಂಡರು. ನೀರು ಅಂದರೆ ಅಷ್ಟು ಮುಖ್ಯ. ನೀವು ಮಳೆನೀರು ಹಿಡಿದಿಟ್ಟುಕೊಳ್ಳಿ.

ಸುಮ್ನೆ ಓದುಗ

ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ. ಕೌದಿ ಹುಟ್ಟಿದ್ದೇ ಬಡತನದಿಂದ. ಹರಿದ ಬಟ್ಟೆ ಬಿಸಾಕಬಾರದು ಅಂತ. ಈಗ ಹೊಸ ಬಟ್ಟೆ ತಂದು, ಅದಕ್ಕೆ ಪ್ರಿಂಟ್ ಮಾಡಿ, ಅದನ್ನು ತುಂಡು ಮಾಡಿ, ಮತ್ತೆ ಜೋಡಿಸಿ, ಗೋಡೆಗೆ ನೇತುಹಾಕಿ ಕಲೆ ಅನ್ನುವುದು ಯಾವ ನ್ಯಾಯ? ನಮ್ಮಜ್ಜಿ ನೋಡಿದ್ದರೆ ನಗುತ್ತಿದ್ದರು.

ದೂರದ ದಾರ (ಹ್ಯೂಸ್ಟನ್, ಟೆಕ್ಸಾಸ್)

ಓದುಗರೇ, ನಿಮ್ಮ ಪ್ರಶ್ನೆಗೆ ಇಲ್ಲಿಂದ ಒಂದು ಉತ್ತರ. ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ನದಿಯ ತಿರುವಿನಲ್ಲಿ ಒಂದು ಊರು. ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಇರುವ ಊರು. ಅಲ್ಲಿನ ಹೆಂಗಸರು ಗಂಡಂದಿರ ಹರಿದ ಹೊಲದ ಬಟ್ಟೆ, ಡೆನಿಮ್ ಪ್ಯಾಂಟು, ಹಿಟ್ಟಿನ ಚೀಲ ಜೋಡಿಸಿ ಚಳಿಗೆ ಹೊದೆಯಲು ಕ್ವಿಲ್ಟ್ ಹೊಲಿಯುತ್ತಿದ್ದರು. ಥೇಟ್ ನಮ್ಮ ಕೌದಿ ಕಥೆ. 2002ರಲ್ಲಿ ನಮ್ಮೂರಿನ ಕಲಾ ಮ್ಯೂಸಿಯಂನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅವನ್ನು ಗೋಡೆಗೆ ಹಾಕಿದರು. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. 2006ರಲ್ಲಿ ಅಂಚೆಚೀಟಿ ಬಂತು.

ಅಲ್ಲಿಗೇ ಕಥೆ ಮುಗಿಯಲಿಲ್ಲ ಅನ್ನುವುದನ್ನೂ ಹೇಳಬೇಕು. ದುಡ್ಡು ಸರಿಯಾಗಿ ಬರಲಿಲ್ಲ ಅಂತ 2007ರಲ್ಲಿ ಕೆಲವು ಹೆಂಗಸರು ಕೋರ್ಟಿಗೆ ಹೋದರು, ಮುಂದಿನ ವರ್ಷ ಇತ್ಯರ್ಥ ಆಯಿತು. ಗೋಡೆಗೆ ಹಾಕುವುದು ತಪ್ಪಲ್ಲ ಅನ್ನಿಸುತ್ತೆ ನನಗೆ. ಹಾಕಿದ ಮೇಲೆ ಹೊಲಿದವರಿಗೆ ಏನು ಸಿಕ್ಕಿತು ಅನ್ನುವುದು ದೊಡ್ಡ ಪ್ರಶ್ನೆ.

ಇನ್ನೊಂದು. ಇಲ್ಲಿ ವರ್ಷಕ್ಕೊಮ್ಮೆ ದೊಡ್ಡ ಕ್ವಿಲ್ಟ್ ಹಬ್ಬ ಆಗುತ್ತದೆ, ಕನ್ವೆನ್ಷನ್ ಸೆಂಟರ್ ತುಂಬ. ಯಾವ ಕ್ವಿಲ್ಟನ್ನೂ ಮುಟ್ಟುವ ಹಾಗಿಲ್ಲ. ಆದರೆ ಬಿಳಿ ಗ್ಲೌಸ್ ಹಾಕಿಕೊಂಡ ಸ್ವಯಂಸೇವಕಿಯರು ಇರುತ್ತಾರೆ. "ಸ್ವಲ್ಪ ಹಿಂದೆ ತೋರಿಸ್ತೀರಾ" ಅಂದರೆ ಅಂಚು ಎತ್ತಿ ಹಿಂಬದಿ ತೋರಿಸುತ್ತಾರೆ. ಹೊಲಿಯುವವರೆಲ್ಲ ಕೇಳುವುದು ಅದನ್ನೇ. ಮುಂದೆ ಎಲ್ಲರೂ ಚೆಂದ ಮಾಡ್ತಾರೆ, ಹಿಂದೆ ತಾನೇ ಗುಟ್ಟು ಇರುವುದು!

ಚಿಂದಿಚಿತ್ರ

ಬಿಳಿ ಗ್ಲೌಸಿನ ವಿಷಯ ತುಂಬ ಹಿಡಿಸಿತು. ನಮ್ಮ ಗ್ರೂಪ್ ಶೋನಲ್ಲಿ ಆದದ್ದು ಪೂರ್ತಿ ಉಲ್ಟಾ. ಬಂದವರೆಲ್ಲ ಮುಟ್ಟಿಯೇ ನೋಡಿದರು. ಹಿಂಡಿ, ತಿರುಗಿಸಿ, ಒಬ್ಬರು ಮೂಸಿಯೂ ನೋಡಿದರು. ಆಯೋಜಕರಿಗೆ ಗಾಬರಿ, "ಡೋಂಟ್ ಟಚ್" ಬೋರ್ಡ್ ಹಾಕಿದರು. ನಾನು ಒಂದು ಸಣ್ಣ ಕೌದಿ ತಂದು ಬೆಂಚಿನ ಮೇಲೆ ಹಾಸಿದೆ, ಇದನ್ನು ಮುಟ್ಟಿ, ಕೂತ್ಕೊಳ್ಳಿ ಅಂದೆ. ಆಮೇಲೆ ಗೋಡೆಯ ಮೇಲಿನದನ್ನು ಯಾರೂ ಮುಟ್ಟಲಿಲ್ಲ. ಬೆಂಚಿನಿಂದ ಎದ್ದು ಹೋಗಲು ಮಾತ್ರ ಯಾರಿಗೂ ಮನಸ್ಸಿಲ್ಲ.

ಓದುಗರೇ, ನಿಮ್ಮಜ್ಜಿ ನಗಲಿ ಬಿಡಿ, ನಮ್ಮ ಅತ್ತೆಯೂ ನಕ್ಕರು. ಆದರೆ ಶೋಗೆ ಬಂದು ಬೇರೆಯವರ ಕೆಲಸ ನೋಡಿ, "ಇದರ ಮೂಲೆ ಸರಿ ಇಲ್ಲ, ಒಗೆದರೆ ಬಿಚ್ಚುತ್ತೆ" ಅಂತ ಎಲ್ಲರ ಮುಂದೆ ಹೇಳಿಬಿಟ್ಟರು. ಆ ಕಲಾವಿದೆ ಪೇಟೆಯ ಹುಡುಗಿ, ಮುಖ ಸಣ್ಣ ಮಾಡಿಕೊಂಡಳು. ಐದು ನಿಮಿಷ ಬಿಟ್ಟು ಬಂದು "ಆಂಟಿ, ಮೂಲೆ ಹೇಗೆ ಮಡಚೋದು ತೋರಿಸಿ" ಅಂದಳು. ಕಲೆಯೋ ಅಲ್ಲವೋ ನನಗೆ ಗೊತ್ತಿಲ್ಲ, ಕಲಿಯುವವರು ಸಿಕ್ಕರು.

ಹಳಿಯಾಳ ರಸ್ತೆ

ಮೂಲೆ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಡೆ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಸರಿಯಾಗಿ ನೋಡಿದ್ದೀರಾ? ಗದಗ, ಧಾರವಾಡದ ಕೌದಿಗಿಂತ ಬೇರೆ. ತುಂಡುಗಳನ್ನು ಮೊದಲು ಒಂದಕ್ಕೊಂದು ಜೋಡಿಸಿಕೊಳ್ಳುವುದಿಲ್ಲ. ಕೆಳಗೆ ಪೂರ್ತಿ ಬಟ್ಟೆ ಹಾಸಿ, ಒಂದು ಮೂಲೆಯಿಂದ ಶುರು. ತುಂಡಿನ ಅಂಚು ಮಡಚಿ ಇಟ್ಟು ಹೊಲಿಯುತ್ತಾ, ಅದರ ಪಕ್ಕ ಇನ್ನೊಂದು ಇಟ್ಟು ಹೊಲಿಯುತ್ತಾ, ಸುತ್ತು ಹಾಕಿಕೊಂಡು ಒಳಗೆ ಬರುತ್ತಾರೆ. ಕೊನೆಯ ತುಂಡು ನಟ್ಟನಡುವೆ ಕೂರುತ್ತದೆ. ಜೋಡಿಸುವುದು, ಪದರ ಹಿಡಿಯುವುದು ಎಲ್ಲ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂವು. ಅದಿಲ್ಲದೆ ಕೌದಿ ಮುಗಿದ ಲೆಕ್ಕ ಇಲ್ಲ.

ಈ ಕೌದಿಗಳ ಬಗ್ಗೆ ಅಮೆರಿಕದ ಹೆನ್ರಿ ಡ್ರೂವಲ್ ಎನ್ನುವ ಕಲಾ ಇತಿಹಾಸಕಾರರು ಕೆಲಸ ಮಾಡಿದರು. ನ್ಯೂಯಾರ್ಕಿನಲ್ಲಿ ಕರಿಯರ ಬಡಾವಣೆ ಅಂತಲೇ ಹೆಸರಾದ ಹಾರ್ಲೆಮ್‌ನ ಶಾಂಬರ್ಗ್ ಸೆಂಟರಿನಲ್ಲಿ ಅವುಗಳ ಪ್ರದರ್ಶನವೂ ಆಯಿತು. ಸಿದ್ದಿಗಳ ಹಿರಿಯರು ಬಂದದ್ದು ಆಫ್ರಿಕಾದಿಂದ, ಅವರ ಹೊಲಿಗೆ ಹಾರ್ಲೆಮ್ ತನಕ ಹೋಗಿ ತೋರಿತು ಅಂದರೆ ಸಣ್ಣ ಮಾತಲ್ಲ.

ನನ್ನ ಸಿಟ್ಟು ಬೇರೆ ಇದೆ. ಒಂದು ಪ್ರದರ್ಶನಕ್ಕೆ ಹೋಗಿದ್ದೆ, ಯಾವುದು ಅಂತ ಬೇಡ. ಗೋಡೆಯ ಮೇಲೆ ಸಿದ್ದಿ ಕೌದಿ. ಕೆಳಗಿನ ಚೀಟಿಯಲ್ಲಿ ಸಂಗ್ರಹಿಸಿದವರ ಹೆಸರು, ವಿನ್ಯಾಸದ ಸಲಹೆ ಕೊಟ್ಟವರ ಹೆಸರು, ಫೋಟೋ ತೆಗೆದವರ ಹೆಸರು ಕೂಡ ಇದೆ. ಹೊಲಿದವಳ ಜಾಗದಲ್ಲಿ "ಸಿದ್ದಿ ಮಹಿಳೆ" ಅಂತ ಮಾತ್ರ. ಹೆಸರಿಲ್ಲದ ಹೆಂಗಸು ಎಲ್ಲಿದ್ದಾಳೆ ಹೇಳಿ? ಕೇಳಿದರೆ "ಮಾಹಿತಿ ಬಂದಿಲ್ಲ ಸರ್" ಅಂದರು. ಕೌದಿ ತರಲು ಊರಿಗೆ ಹೋದವರು ಹೆಸರು ಕೇಳಿಕೊಂಡು ಬರಲು ಆಗಲ್ವಾ?

ಸುಮ್ನೆ ಓದುಗ

ಇದು ನಿಜವಾದ ಮಾತು. ನನ್ನ ಅರ್ಧ ಆಕ್ಷೇಪ ವಾಪಸ್ ತಗೊಂಡೆ. ಇನ್ನರ್ಧ ಇದೆ.

ಗ್ಯಾಲರಿ ಏಣಿ

ನಾನು ಶೋಗಳಿಗೆ ಕೆಲಸ ನೇತುಹಾಕುವವನು, ಏಣಿ ಮೇಲೇ ಜೀವನ. ಬಟ್ಟೆ ಕೆಲಸ ತರುವವರಿಗೆ ನನ್ನದು ಒಂದಷ್ಟು ವಿನಂತಿ.

ಮೊಳೆ, ಪಿನ್ನು, ಬಟ್ಟೆ ಒಣಹಾಕುವ ಕ್ಲಿಪ್ಪು ಬೇಡವೇ ಬೇಡ. ಕೌದಿ ಭಾರ ಇರುತ್ತದೆ. ಎರಡು ಮೂಲೆ ಹಿಡಿದರೆ ನಡುವೆ ಜೋತು ಬೀಳುತ್ತದೆ, ಕೆಲವು ದಿನಕ್ಕೆ ಮೂಲೆಯ ಹೊಲಿಗೆ ಹರಿಯುತ್ತದೆ. ಹಿಂದೆ ಮೇಲಂಚಿಗೆ ಉದ್ದಕ್ಕೂ ನಾಲ್ಕು ಇಂಚು ಅಗಲದ ಬಟ್ಟೆಯ ಕೊಳವೆ ಹೊಲಿದು ತನ್ನಿ, ಲಂಗದ ನಾಡದ ಪಟ್ಟಿಯ ಹಾಗೆ. ಕೊಳವೆಯನ್ನು ಹಿಂದಿನ ಪದರಕ್ಕೆ ಮಾತ್ರ ಹೊಲಿಯಿರಿ, ದಾರ ಮುಂದೆ ಕಾಣಬಾರದು. ಅದರೊಳಗೆ ಚಪ್ಪಟೆ ಪಟ್ಟಿ ತೂರಿಸಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ಮರದ ಪಟ್ಟಿಯಾದರೆ ಪಾಲಿಶ್ ಇರಲಿ, ಹಸಿ ಮರದ ಕಲೆ ಬಟ್ಟೆಗೆ ಹತ್ತುತ್ತದೆ.

ಬೆಳಕು. ಮ್ಯೂಸಿಯಂನಲ್ಲಿ ಹಳೇ ಬಟ್ಟೆಗೆ 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು ಅನ್ನುವ ರೂಢಿ ಇದೆ. ಅದಕ್ಕೇ ಅಲ್ಲಿ ಕತ್ತಲೆ ಕತ್ತಲೆ ಇರುವುದು, ಕರೆಂಟು ಉಳಿಸಲು ಅಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯಾಪ್‌ಗೆ (ಕಲೆ ಮತ್ತು ಛಾಯಾಚಿತ್ರದ ಮ್ಯೂಸಿಯಂ) ಹೋದಾಗ ಬಟ್ಟೆ ಇಟ್ಟ ಕಡೆ ಬೆಳಕು ಹೇಗಿದೆ ಗಮನಿಸಿ. ಅಳಲೆಕಾಯಿ ಅವರು ಹೇಳಿದಂಥ ಸಹಜ ಬಣ್ಣಗಳಲ್ಲಿ ಮಂಜಿಷ್ಠ, ನೀಲಿ (ಇಂಡಿಗೊ) ತಡೆದುಕೊಳ್ಳುತ್ತವೆ. ಅರಿಶಿನದ ಹಳದಿ ಕಿಟಕಿ ಪಕ್ಕ ಇಟ್ಟರೆ ಶೋ ಮುಗಿಯುವಷ್ಟರಲ್ಲಿ ಅರ್ಧ ಹಾರಿಹೋಗಿರುತ್ತದೆ.

ಮನೆಗೆ ಒಯ್ದ ಮೇಲೆ ಮಡಚಿ ಇಡಬೇಡಿ. ಹತ್ತಿ ಬಟ್ಟೆ ಹೊರಗೆ ಸುತ್ತಿ ಸುರುಳಿ ಮಾಡಿ ಇಡಿ. ಗಂಜಿ ಹಾಕಿದ ಬಟ್ಟೆ ಇದ್ದರೆ ತೊಳೆದು ತೆಗೆದುಬಿಡಿ, ಪುಸ್ತಕಗಳಲ್ಲಿ ಓಡಾಡುವ ಆ ಬೆಳ್ಳಿ ಬಣ್ಣದ ಹುಳಕ್ಕೆ ಗಂಜಿ ಅಂದರೆ ಹಬ್ಬದೂಟ.

ಬನಶಂಕರಿ ಬಾಬಿನ್

ಬೆಂಗಳೂರಿನ ಚಿತ್ರಸಂತೆಯಲ್ಲಿ (ರಸ್ತೆಯಲ್ಲೇ ನಡೆಯುವ ಕಲಾ ಸಂತೆ) ಕೌದಿ ಇಟ್ಟವರು ಇದ್ದೀರಾ? ಜನವರಿಯಲ್ಲಿ ಕುಮಾರಕೃಪಾ ರಸ್ತೆ ಪೂರ್ತಿ ಜನ. ಮಾರಾಟ ಆಗುತ್ತಾ? ಬೆಲೆ ಹೇಗೆ ಹೇಳೋದು?

ಚಿಂದಿಚಿತ್ರ

ಅಲ್ಲಿ ಇಡುವುದು ಹೆಚ್ಚಾಗಿ ಪೇಂಟಿಂಗು ತಂದವರು. ಒಂದು ದಿನದ ಸಂತೆ, ಬಿಸಿಲು, ಧೂಳು. ಕೌದಿ ತಂದರೆ ದಿನವಿಡೀ ಮುಟ್ಟಿಸಿಕೊಂಡು ಮಾಸಿ ಹೋಗುತ್ತದೆ. ನಾನಾಗಿದ್ದರೆ ಪುಟ್ಟ ಫ್ರೇಮ್ ಕೆಲಸ, ಮಗುವಿನ ಕುಲಾವಿ, ಕುಂಚಿಗೆ ತರುತ್ತಿದ್ದೆ. ದೊಡ್ಡ ಕೌದಿಗೆ ನಿಧಾನಕ್ಕೆ ನಿಂತು ನೋಡುವ ಜಾಗ ಬೇಕು. ಕ್ವಿಲ್ಟಿಗೆ ಅಂತಲೇ ನಡೆದದ್ದು ಅಂದರೆ 2019ರಲ್ಲಿ ಚೆನ್ನೈನಲ್ಲಿ ಇಂಡಿಯಾ ಕ್ವಿಲ್ಟ್ ಫೆಸ್ಟಿವಲ್ ಆಯಿತು. ಅಂಥದ್ದು ಹುಬ್ಬಳ್ಳಿಯಲ್ಲಿ ಆಗಬೇಕು, ಕೌದಿ ಹೊದ್ದು ಬೆಳೆದ ಜನ ಬಂದು ನೋಡಬೇಕು ಅನ್ನುವುದು ನನ್ನ ಆಸೆ.

ಬೆಲೆ ವಿಷಯ ಎತ್ತಿದರೆ ಜಗಳ ಗ್ಯಾರಂಟಿ.

ಮಷಿನ್ ಮಲ್ಲಿಗೆ

ಎತ್ತೇ ಬಿಡೋಣ. ನನ್ನ ಕ್ವಿಲ್ಟ್ ನೋಡಿ "ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೆ ಸಿಗುತ್ತಲ್ವಾ" ಅಂತಾರೆ. ಬಟ್ಟೆ, ಬ್ಯಾಟಿಂಗ್‌ಗೇ ಅದಕ್ಕಿಂತ ಜಾಸ್ತಿ ಆಗಿರುತ್ತೆ. ಈಗ ನಾನು ಉತ್ತರವೇ ಕೊಡಲ್ಲ, ಕೈಗೆ ಟೀ ಕೊಟ್ಟು ಕಳಿಸ್ತೀನಿ.

ಹಳಿಯಾಳ ರಸ್ತೆ

ಕೂಲಿ ಲೆಕ್ಕ ಹಾಕಿ. ಒಂದು ಕೌದಿಗೆ ಎಷ್ಟು ದಿನ ಹಿಡಿಯಿತೋ ಅಷ್ಟು ದಿನದ ಕೂಲಿ, ಅದರ ಮೇಲೆ ದಾರ, ಬಟ್ಟೆ. ಹೊಲದ ಕೆಲಸಕ್ಕೆ ಕೊಡುವ ಕೂಲಿಯಷ್ಟೂ ಸಿಗದಿದ್ದರೆ ಯಾಕೆ ಹೊಲಿಯಬೇಕು? ಹವ್ಯಾಸಕ್ಕೆ ಮಾಡುವವರು "ನನಗೆ ದುಡ್ಡು ಮುಖ್ಯ ಅಲ್ಲ" ಅಂತ ಕಡಿಮೆಗೆ ಕೊಡುತ್ತೀರಲ್ಲ, ಅದರಿಂದ ಹೊಟ್ಟೆಪಾಡಿಗೆ ಹೊಲಿಯುವವಳಿಗೆ ಪೆಟ್ಟು. ದಯವಿಟ್ಟು ಹಾಗೆ ಮಾಡಬೇಡಿ.

ಚಿಂದಿಚಿತ್ರ

ಒಪ್ಪಿದೆ. ನಾನು ಮಾರುವುದೇ ಕಡಿಮೆ, ಇನ್ನು ಮುಂದೆ ಮಾರಿದರೆ ಕೂಲಿ ಲೆಕ್ಕದಲ್ಲೇ.

ಬನಶಂಕರಿ ಬಾಬಿನ್

ಕೊನೆಗೊಂದು ಸಣ್ಣ ಪ್ರಶ್ನೆ. ಮೇಳಗಳಲ್ಲಿ ಎಲ್ಲರೂ "ಹ್ಯಾಂಡ್ ಬ್ಲಾಕ್" ಅಂತಲೇ ಮಾರ್ತಾರೆ. ಸ್ಕ್ರೀನ್ ಪ್ರಿಂಟ್ (ಜಾಲರಿಯ ಚೌಕಟ್ಟಿನಿಂದ ಬಣ್ಣ ಒತ್ತಿದ್ದು) ಹೇಗೆ ಕಂಡುಹಿಡಿಯೋದು?

ಅಳಲೆಕಾಯಿ

ಅಂಚಿನ ಉದ್ದಕ್ಕೂ ಕಣ್ಣು ಓಡಿಸಿ. ಅಚ್ಚು ಅಂಗೈ ಅಗಲದ್ದು, ಪಕ್ಕ ಪಕ್ಕ ಹೊಡೆಯುವಾಗ ಸೇರುವ ಕಡೆ ಒಂದು ಕೂದಲೆಳೆ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಕೆಲವು ಕಡೆ ಮೂಲೆಯಲ್ಲಿ ಗುರುತಿನ ಚುಕ್ಕೆ ಉಳಿದಿರುತ್ತದೆ. ಒಂದು ಹೊಡೆತ ಗಾಢ, ಮುಂದಿನದು ಸ್ವಲ್ಪ ತಿಳಿ. ಇಡೀ ಬಟ್ಟೆ ಎಲ್ಲೂ ತಪ್ಪದೆ ಒಂದೇ ಸಮ ಇದ್ದರೆ ಅನುಮಾನ ಪಡಿ. ಈಚೆಗೆ ಬೇಕಂತಲೇ ತಪ್ಪು ಮೂಡಿಸಿದ ಸ್ಕ್ರೀನ್‌ಗಳೂ ಬಂದಿವೆ. ಆದರೆ ಅದೇ ತಪ್ಪು ಪ್ರತಿ ಮೀಟರಿಗೂ ಅದೇ ಜಾಗದಲ್ಲಿ ಬರುತ್ತದೆ, ಅಲ್ಲಿ ಸಿಕ್ಕಿಬೀಳುತ್ತಾರೆ.

ಚಿಂದಿಚಿತ್ರ

ಎಲ್ಲರಿಗೂ ಧನ್ಯವಾದ. ಮುಂದಿನ ಕೆಲಸ ನಿರ್ಧಾರ ಆಯಿತು. ಅತ್ತೆಯ ಹಳೇ ಇಳಕಲ್ ಸೀರೆಗಳಿವೆ. ಅವುಗಳ ಸೆರಗು ಆರ್ಟ್ ಸಿಲ್ಕ್, ಜಾರುತ್ತೆ, ಬೇಡ. ಹತ್ತಿಯ ಒಡಲು ಮಾತ್ರ ಕತ್ತರಿಸಿಕೊಳ್ಳುತ್ತೇನೆ. ನಡುನಡುವೆ ಧೋತರದ ಮೇಲೆ ಪಟಿಕ, ಮಂಜಿಷ್ಠದ ಪ್ರಿಂಟ್. ಹಿಂದೆ ಏಣಿಯವರು ಹೇಳಿದ ಕೊಳವೆ. ಅದರ ಕೆಳಗೆ ಹೊಲಿದ ನಮ್ಮಿಬ್ಬರ (ಅತ್ತೆಯ, ನನ್ನ) ಹೆಸರೂ ದಾರದಲ್ಲೇ. ಅಳಲೆಕಾಯಿ ಅವರೇ, ಕಾವಿ ಎಷ್ಟು ಹಾಕಬೇಕು? ಜಾಸ್ತಿ ಆದರೆ ಕಲೆ ಉಳಿಯುತ್ತಾ?

ಅಳಲೆಕಾಯಿ

ಪೇಸ್ಟು ತಿಳಿ ಗುಲಾಬಿ ಕಂಡರೆ ಸಾಕು, ಅಷ್ಟೇ. ಹಂಡೆಗೆ ಹಾಕುವ ಮೊದಲು ತೊಳೆಯುವಾಗ ಕಾವಿ ಪೂರ್ತಿ ಬಿಡಬೇಕು, ನೀರು ತಿಳಿಯಾಗುವ ತನಕ ತೊಳೆಯಿರಿ. ಬಕೆಟ್‌ನಲ್ಲಿ ಮುಳುಗಿಸಿ ಇಡಬೇಡಿ, ಬಿಟ್ಟ ಪಟಿಕ ಬೇರೆ ಕಡೆ ಹತ್ತಿ ಕೆಂಪು ಮಚ್ಚೆ ಬರುತ್ತೆ. ಮೊದಲು ಕರವಸ್ತ್ರದಷ್ಟು ತುಂಡಿನ ಮೇಲೆ ಮಾಡಿ ಫೋಟೋ ಹಾಕಿ, ನೋಡಿ ಹೇಳ್ತೀನಿ.